ಗೇಮ್ ಕುಂಟುತ್ತಿದೆಯೇ? ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಇಷ್ಟು ನೋಡಿ



ಹೋದ ತಿಂಗಳು ಆಲ್ಫರೆಟ್ಟಾದಿಂದ ನಮ್ಮ ಓದುಗರೊಬ್ಬರು ಫೋನ್ ಮಾಡಿದ್ದರು. ದಾವಣಗೆರೆ ಕಡೆಯ ಹುಡುಗ, ಬಂದು ಒಂದು ವರ್ಷವಾಗಿದೆ. ಹೊರಡುವ ಮುಂಚೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಗೇಮಿಂಗ್ ಲ್ಯಾಪ್‌ಟಾಪ್ ಅವರದು. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಊರಲ್ಲಿ ಆಗ ಸಂಜೆ ಆರೂವರೆ, ತಮ್ಮನ ಜೊತೆ ಆಟ.

"ಇಲ್ಲಿಗೆ ಬಂದ ಮೇಲೆ ಗೇಮ್ ಸರಿಯಾಗಿ ಓಡ್ತಾನೇ ಇಲ್ಲ ಸರ್. ಚಿತ್ರ ನಿಂತು ನಿಂತು ಬರುತ್ತೆ. ನನಗೆ ಆಸಕ್ತಿ ಹೋಗಿದೆ ಅಂತ ತಮ್ಮ ತಿಳ್ಕೊಂಡಿದಾನೆ. ಎರಡು ವಾರದಿಂದ ಅವನು ಕರೀತಾನೂ ಇಲ್ಲ. ಹೊಸದೊಂದು ತಗೊಂಡುಬಿಡ್ತೀನಿ" ಅಂದರು. ನೋಡಿಟ್ಟಿದ್ದ ಲ್ಯಾಪ್‌ಟಾಪ್‌ಗೆ 1,400 ಡಾಲರ್. ಯಾವ ದುಡ್ಡು ಅಂತ ಕೇಳಿದೆ. ದೀಪಾವಳಿಗೆ ಊರಿಗೆ ಹೋಗೋ ಟಿಕೆಟ್‌ಗೆ ಎತ್ತಿಟ್ಟದ್ದಂತೆ.

"ಒಂದು ವಾರ ತಡೀರಪ್ಪ, ಮೊದಲು ರೋಗ ಯಾವುದು ನೋಡೋಣ" ಅಂದೆ. ನಾವಿಬ್ಬರೂ ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಧಾನದಲ್ಲಿ ಎರಡು ಬಗೆ

ಒಂದು, ಲ್ಯಾಪ್‌ಟಾಪ್‌ನ ನಿಧಾನ. ಎರಡು, ಇಂಟರ್ನೆಟ್ಟಿನ ನಿಧಾನ. ಬೇರ್ಪಡಿಸೋದು ಸುಲಭ: ನೆಟ್ ಬೇಡದ ಗೇಮ್ ಒಂದನ್ನು ಒಬ್ಬರೇ ಆಡಿ ನೋಡಿ. ಆಗಲೂ ಚಿತ್ರ ತಡವರಿಸಿದರೆ ತೊಂದರೆ ಯಂತ್ರದ್ದು. ಒಬ್ಬರೇ ಆಡುವಾಗ ನಯವಾಗಿದ್ದು, ಜೊತೆಯಲ್ಲಿ ಆಡುವಾಗ ಮಾತ್ರ ಹೊಡೆದ ಏಟು ತಡವಾಗಿ ಬಿದ್ದರೆ ತೊಂದರೆ ನೆಟ್ಟಿನದು.

ನೆಟ್ಟಿನ ತಡಕ್ಕೆ ಒಂದು ಮಿತಿ ಇದೆ, ಅದನ್ನು ಯಾವ ದುಬಾರಿ ಲ್ಯಾಪ್‌ಟಾಪೂ ದಾಟಲಾರದು. ಅಟ್ಲಾಂಟಾದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ 14 ಸಾವಿರ ಕಿ.ಮೀ.ಗೂ ಹೆಚ್ಚು. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ಸಮುದ್ರದಡಿ ಸುತ್ತಿ ಬಳಸಿ ಹೋಗುವುದರಿಂದ ನಿಜವಾಗಿ ಇನ್ನೂ ಹೆಚ್ಚು. ಊರಿನವರ ಜೊತೆ ಆಡುವಾಗ, ಗೇಮ್‌ನಲ್ಲಿ ಆಯ್ಕೆ ಇದ್ದರೆ, ಯೂರೋಪಿನ ಸರ್ವರ್ ಹಾಕಿ ನೋಡಿ. ತಡ ಇಬ್ಬರಿಗೂ ಹಂಚಿಹೋಗುತ್ತದೆ. ಇಲ್ಲಿಯ ಗೆಳೆಯರ ಜೊತೆಗಾದರೆ ಅಮೆರಿಕದ ಪೂರ್ವದ ಸರ್ವರ್ ಸಾಕು. ಆಶ್‌ಬರ್ನ್, ಸ್ಟರ್ಲಿಂಗ್ ಕಡೆ ಇರುವವರಿಗೆ ಡೇಟಾ ಸೆಂಟರ್‌ಗಳು ಮನೆ ಪಕ್ಕದಲ್ಲೇ ಇವೆಯಲ್ಲ! ವೈಫೈ ಬದಲು ರೌಟರ್‌ನಿಂದ ನೇರ ಕೇಬಲ್ ಎಳೆದರೆ ಇನ್ನೂ ಒಳ್ಳೆಯದು.

ನಮ್ಮ ಹುಡುಗನ ಗೇಮ್ ಒಬ್ಬನೇ ಆಡಿದರೂ ಕುಂಟುತ್ತಿತ್ತು. ಅಲ್ಲಿಗೆ ತೊಂದರೆ ಯಂತ್ರದ್ದು ಅಂತಾಯ್ತು.

ಚಾರ್ಜರ್ ಯಾವುದು?

"ಚಾರ್ಜರ್ ಮೇಲೆ ಎಷ್ಟು ವ್ಯಾಟ್ ಅಂತಿದೆ ಓದಿ" ಅಂದೆ. "65" ಅಂದರು. "ಲ್ಯಾಪ್‌ಟಾಪ್ ಜೊತೆ ಬಂದಿದ್ದು ಇದೇನಾ?" "ಇಲ್ಲ ಸರ್, ಇದು ಆಫೀಸ್ ಲ್ಯಾಪ್‌ಟಾಪಿಂದು. ಅದು ಇಟ್ಟಿಗೆ ಥರ ಇದೆ, ಇಲ್ಲಿಯ ಸಾಕೆಟ್‌ಗೆ ಪಿನ್ ಕೂರಲ್ಲ. ಸೂಟ್‌ಕೇಸಲ್ಲೇ ಬಿದ್ದಿದೆ."

ರೋಗ ಸಿಕ್ಕಿತು. ಆ ಇಟ್ಟಿಗೆ 180 ವ್ಯಾಟ್‌ನದು. ಚಿಕ್ಕ ಚಾರ್ಜರ್ ಹಾಕಿದರೂ ಚಾರ್ಜ್ ಆಗುತ್ತಿದೆ ಎಂಬ ಗುರುತು ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಬೇಕಾದಷ್ಟು ಕರೆಂಟ್ ಸಿಗದಿದ್ದಾಗ ಲ್ಯಾಪ್‌ಟಾಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಚಾರ್ಜರ್ ಹಾಕಿದ್ದರೂ ಆಡುವಾಗ ಬ್ಯಾಟರಿ ಇಳಿಯುತ್ತಿದ್ದರೆ ಇದೇ ಕಾರಣ ಇರಬಹುದು.

ಊರಿನ ಚಾರ್ಜರ್ ಇಲ್ಲಿ ಸುಟ್ಟುಹೋಗುತ್ತದೆ ಅನ್ನೋ ಭಯ ಹಲವರಿಗಿದೆ. ಇಟ್ಟಿಗೆಯ ಮೇಲೆ ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್ ಅಂತಿದ್ದರೆ ಭಯ ಬೇಡ, ಊರಿನ 230ಕ್ಕೂ ಇಲ್ಲಿಯ 120ಕ್ಕೂ ಅದು ಹೊಂದುತ್ತದೆ. ಗೋಡೆಯಿಂದ ಇಟ್ಟಿಗೆಗೆ ಹೋಗುವ ವೈರ್ ಸಾಮಾನ್ಯವಾಗಿ ಬಿಚ್ಚಿಬರುತ್ತದೆ. ಇಟ್ಟಿಗೆಯ ಕಡೆಯ ತೂತಿನ ಆಕಾರ ನೋಡಿಕೊಂಡು, ಇಲ್ಲಿಯ ಪಿನ್ ಇರುವ ವೈರ್ ಒಂದನ್ನು ಕೊಂಡರೆ ಸಾಕು. ಕೆಲವೇ ಡಾಲರ್ ಖರ್ಚು. ಅಲುಗಾಡುವ ಅಗ್ಗದ ಕನ್ವರ್ಟರ್ ಪಿನ್ ಹಾಕಿ ಗಂಟೆಗಟ್ಟಲೆ ಆಡಬೇಡಿ, ಬಿಸಿಯಾಗುತ್ತದೆ.

ಚಾರ್ಜರ್ ಸರಿಯಿದ್ದರೆ

ಒಂದು, ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಅನ್ನು 'ಬೆಸ್ಟ್ ಪರ್ಫಾರ್ಮೆನ್ಸ್'ಗೆ ಹಾಕಿ. ಆಮೇಲೆ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಒಳಗೆ ಹೋಗಿ ನಿಮ್ಮ ಗೇಮ್ ಆರಿಸಿ 'ಹೈ ಪರ್ಫಾರ್ಮೆನ್ಸ್' ಅನ್ನಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ. ಒಮ್ಮೊಮ್ಮೆ ಬಲವಾದದ್ದು ಮಲಗಿದ್ದು ಬಡವಾದದ್ದೇ ದುಡಿಯುತ್ತಿರುತ್ತದೆ.

ಎರಡು, ಬಿಸಿ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಂಟಿದರೆ ಬಿಸಿಯ ಮೇಲೇ ಅನುಮಾನ. ಇಲ್ಲಿಯ ಅಪಾರ್ಟ್‌ಮೆಂಟ್‌ಗಳ ಕಾರ್ಪೆಟ್ ನೂಲೆಲ್ಲ ಫ್ಯಾನ್‌ಗೆ ಹೋಗಿ ಕೂರುತ್ತದೆ. ಹಾಸಿಗೆ, ಕಾರ್ಪೆಟ್ ಮೇಲಿಟ್ಟು ಆಡಬೇಡಿ, ಹಿಂಭಾಗ ಸ್ವಲ್ಪ ಎತ್ತರಿಸಿ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಡಬ್ಬಿಯಲ್ಲಿ ಬರುವ ಗಾಳಿಯಿಂದ ಚಿಕ್ಕ ಚಿಕ್ಕದಾಗಿ ಊದಿ. ಫ್ಯಾನ್ ಗಿರ್ರನೆ ತಿರುಗದ ಹಾಗೆ ಕಡ್ಡಿಯಿಂದ ತಡೆಹಿಡಿಯಿರಿ.

ಮೂರು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ಬ್ರೌಸರ್ ಮುಚ್ಚಿ. 8 ಜಿಬಿ ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಅದರ ಜೋಡಿ ಇನ್ನೊಂದು ಹಾಕಿಸುವುದು ಹೊಸ ಲ್ಯಾಪ್‌ಟಾಪ್‌ಗಿಂತ ಎಷ್ಟೋ ಅಗ್ಗ. ಡಿಡಿಆರ್4ರ ಜಾಗಕ್ಕೆ ಡಿಡಿಆರ್5 ಕೂರುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿರುತ್ತಾರೆ, ಬದಲಾಯಿಸಲಾಗದು. ಕೊಳ್ಳುವ ಮುಂಚೆ ಮಾಡೆಲ್ ನಂಬರ್ ಹಿಡಿದು ವಿಚಾರಿಸಿ.

ನಾಲ್ಕು, ಗೇಮ್ ಒಳಗೆ ನೆರಳಿನ ಗುಣಮಟ್ಟ ಇಳಿಸಿ, ವೇಗವನ್ನು 60 ಫ್ರೇಮ್‌ಗೆ ಕಟ್ಟಿಹಾಕಿ. ಕಣ್ಣಿಗೆ ನಷ್ಟ ಕಡಿಮೆ, ಯಂತ್ರಕ್ಕೆ ಉಸಿರಾಟ ಸರಾಗ.

ಇದನ್ನು ಮಾತ್ರ ಮಾಡಬೇಡಿ

ವೇಗ ಹೆಚ್ಚಿಸುತ್ತೇವೆ ಎನ್ನುವ ಗುರುತು ಪರಿಚಯವಿಲ್ಲದ 'ಬೂಸ್ಟರ್'ಗಳನ್ನು, ಕದ್ದ ಗೇಮ್‌ಗಳನ್ನು ಇಳಿಸಿಕೊಳ್ಳಬೇಡಿ. ಅದೇ ಲ್ಯಾಪ್‌ಟಾಪ್‌ನಿಂದಲೇ ನೀವು ಊರಿಗೆ ದುಡ್ಡು ಕಳಿಸುತ್ತೀರಿ, ಪಾಸ್‌ಪೋರ್ಟ್, ವೀಸಾ ಕಾಗದಗಳನ್ನು ಇಟ್ಟಿರುತ್ತೀರಿ ಅನ್ನೋದು ನೆನಪಿರಲಿ. ಆಫೀಸ್ ಲ್ಯಾಪ್‌ಟಾಪ್‌ನಲ್ಲಂತೂ ಗೇಮ್ ಬೇಡವೇ ಬೇಡ. ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುವ ನಮಗೆ ಆಟದ ಸಲುವಾಗಿ ಕೆಲಸ ಕಳಕೊಳ್ಳೋದು ಹುಚ್ಚುತನ.

ಮುಂದಿನ ಶನಿವಾರ ಮಧ್ಯಾಹ್ನ ಮತ್ತೆ ಫೋನ್ ಬಂತು. ಸೂಟ್‌ಕೇಸಿನ ಇಟ್ಟಿಗೆ ಹೊರಗೆ ಬಂದಿತ್ತು, ಹೊಸ ವೈರ್‌ಗೆ ಹನ್ನೊಂದು ಡಾಲರ್ ಆಗಿತ್ತು. "ಆಟ ಹೇಗಾಯ್ತಪ್ಪ?" ಅಂದೆ. "ಮೂರೂ ಆಟ ತಮ್ಮನೇ ಗೆದ್ದ ಸರ್. ಈಗ ನೆಪ ಹೇಳೋಕೆ ಲ್ಯಾಪ್‌ಟಾಪೂ ಇಲ್ಲ" ಅಂತ ನಕ್ಕರು. ಟಿಕೆಟ್ ಬುಕ್ ಮಾಡಿದಾರಂತೆ.

ಮುಂದಿನ ತಿಂಗಳು: ಊರಲ್ಲಿರುವ ಅಪ್ಪ ಅಮ್ಮನ ಫೋನಿಗೆ ಬರುವ ಮೋಸದ ಕರೆಗಳು. ನಿಮ್ಮ ಮನೆಯಲ್ಲೂ ಆಗಿದ್ದರೆ ನಾಲ್ಕು ಸಾಲು ಬರೆದು ಕಳಿಸಿ.