ಹನ್ನೊಂದನೆಯ ಹಿಂಡು

ಪುಣೆಯಲ್ಲಿ ಕುಳಿತು ಸಮುದ್ರದ ಮಾತನಾಡುವುದು ವಾಚಕರಲ್ಲಿ ಕೆಲವರಿಗೆ ನಗೆ ತರಿಸಬಹುದು. ನಮ್ಮೂರಿಗೆ ಇರುವುದು ಮುಳಾ, ಮುಠಾ ಎಂಬ ಎರಡು ನದಿಗಳು. ಅವುಗಳ ಸ್ಥಿತಿಯನ್ನು ಕುರಿತು ಈ ಅಂಕಣದಲ್ಲಿ ಬರೆಯದಿರುವುದೇ ಲೇಸು. ಆದರೂ ಆಗಾಗ ಭಾನುವಾರ ಖಡಕ್‌ವಾಸಲಾ ಕೆರೆಯ ದಂಡೆಗೆ ಹೋಗಿ ಕಾಂದಾ ಭಜಿ ತಿಂದು ಬರುವ ಪದ್ಧತಿ ನಮ್ಮ ಸಂಸಾರದಲ್ಲಿಯೂ ಉಂಟು. ಅದೇ ಕೆರೆಯ ದಡದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ನಾಳೆ ಹಿಂದೂ ಮಹಾಸಾಗರದಲ್ಲಿ ಯುದ್ಧನೌಕೆ ನಡೆಸಬೇಕಾದವರು ಇಂದು ಅದರ ನೀರಿನಲ್ಲಿ ದೋಣಿ ನಡೆಸಲು ಕಲಿಯುತ್ತಾರೆ.

ಈಚೆಗೆ ಅಲ್ಲಿ ಕುಳಿತಿದ್ದಾಗ ನಮ್ಮ ಹಿರಿಯ ಮಗನು, "ಘಾಜಿಯನ್ನು ಮುಳುಗಿಸಿದ ರಾಜಪೂತ್ ಹಡಗು ಬ್ರಿಟಿಷರದಂತೆ, ಹೌದೇ ಅಪ್ಪಾ?" ಎಂದು ಕೇಳಿದ. "ಯಾರು ಹೇಳಿದರು? ಅದು ನಮ್ಮದು" ಎಂದು ಗದರಿಸಿಬಿಟ್ಟೆವು. ರಾತ್ರಿ ಪುಸ್ತಕ ತೆರೆದು ನೋಡಿದರೆ ಹುಡುಗನ ಮಾತೂ ನಿಜ, ನಮ್ಮ ಮಾತೂ ನಿಜ. ಗದರಿಸಿದ್ದು ಮಾತ್ರ ತಪ್ಪು. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಡಿಸ್ಟ್ರಾಯರ್ ಎಂಬ ಹಡಗನ್ನು ನಮ್ಮ ಪತ್ರಿಕೆಗಳು ವಿಧ್ವಂಸಕ ನೌಕೆ ಎಂದು ಕರೆಯುತ್ತವೆ. ಹೆಸರು ಭಯಂಕರವಾದರೂ ಇದು ಹುಟ್ಟಿದ್ದು ಕಾವಲುಗಾರನಾಗಿ. ಟಾರ್ಪಿಡೊ ಹಿಡಿದ ಸಣ್ಣ ದೋಣಿಗಳು ದೊಡ್ಡ ಹಡಗುಗಳ ಹೊಟ್ಟೆ ಬಗೆಯತೊಡಗಿದಾಗ, ಆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವ ವೇಗದ ಹಡಗು ಬೇಕಾಯಿತು. 1893ರಲ್ಲಿ ಬ್ರಿಟಿಷರು ನೀರಿಗಿಳಿಸಿದ ಹ್ಯಾವಕ್ ಈ ಜಾತಿಯ ಆದಿಪುರುಷರಲ್ಲೊಂದು. ಮುಂದೆ ಶತ್ರು ಬದಲಾಗಿ ಜಲಾಂತರ್ಗಾಮಿಗಳು ಬಂದವು. ಕಾವಲಿನ ಕೆಲಸ ಹಾಗೆಯೇ ಉಳಿಯಿತು.

ಈ ಹಡಗುಗಳು ಒಂಟಿಯಾಗಿ ಬಾಳುವವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರಾಗಿ ಎಂಟು ಹಡಗುಗಳನ್ನು ಒಂದು ಹಿಂಡಾಗಿ ಕಟ್ಟಿ ಅದಕ್ಕೊಂದು ಸಂಖ್ಯೆ ಕೊಡುತ್ತಿದ್ದರು. ಫ್ಲಾಟಿಲ್ಲಾ ಎಂಬುದು ಅದರ ಹೆಸರು. ಹಿಂಡಿಗೊಂದು ಮುಂದಾಳು ಹಡಗು, ಅದರಲ್ಲಿ ಹಿಂಡಿನ ಯಜಮಾನನಾದ ಕ್ಯಾಪ್ಟನ್. ಅವನ ಕಚೇರಿಯ ಸಿಬ್ಬಂದಿಗಾಗಿ ಆ ಹಡಗಿನಲ್ಲಿ ಹೆಚ್ಚಿನ ಸ್ಥಳ. ನೌಕಾಪಡೆಯಲ್ಲಿ ಗುಮಾಸ್ತನಿಗೆ 'ರೈಟರ್' ಎಂದು ಹೆಸರು. ಸಮರಭೂಮಿಯಲ್ಲಿಯೂ ಕಡತ ಬಿಡಲಿಲ್ಲವಲ್ಲ ಎಂದು ತಿಳಿದು ನಮಗೆ ಒಂದು ಬಗೆಯ ಸಮಾಧಾನವಾಯಿತು.

ನಾವು ಹೇಳಹೊರಟ ಹಿಂಡು ಹನ್ನೊಂದನೆಯದು. ಅದರ ಹಡಗುಗಳ ಹೆಸರೆಲ್ಲ ಇಂಗ್ಲಿಷಿನ 'ಆರ್' ಅಕ್ಷರದಿಂದ ಮೊದಲಾಗುವವು: ರೊದರ್‌ಹ್ಯಾಮ್, ರೆಡೌಟ್, ರೈಡರ್, ರೇಸ್‌ಹಾರ್ಸ್, ರ‍್ಯಾಪಿಡ್, ರಿಲೆಂಟ್‌ಲೆಸ್, ರಾಕೆಟ್, ರೋಬಕ್. ಸುಮಾರು 1,700 ಟನ್ನಿನ ಹಡಗು, ನಾಲ್ಕು ತೋಪು, ಎಂಟು ಟಾರ್ಪಿಡೊ ಕೊಳವೆ, 36 ನಾಟ್ ವೇಗ. ನಾವು ಮುಂಬಯಿಗೆ ಹೋಗುವ ಡೆಕ್ಕನ್ ಕ್ವೀನಿನ ಸರಾಸರಿ ವೇಗ ಹೆಚ್ಚು ಕಡಿಮೆ ಅಷ್ಟೇ. ಈ ವರ್ಗದಲ್ಲಿ ಒಂದು ಸುಧಾರಣೆಯೂ ಆಯಿತು. ಅದಕ್ಕೆ ಮುಂಚೆ ಅಧಿಕಾರಿಗಳ ಕೋಣೆಗಳು ಹಡಗಿನ ಹಿಂಭಾಗದಲ್ಲಿರುತ್ತಿದ್ದವು. ಬಿರುಗಾಳಿಯಲ್ಲಿ ಅಲೆ ಬಡಿಯುವ ಬಯಲು ಅಟ್ಟವನ್ನು ದಾಟಿ ಕೆಲಸದ ಜಾಗಕ್ಕೆ ಬರುವುದೇ ಪ್ರಾಣಸಂಕಟ. ಕೋಣೆಗಳನ್ನು ಕೆಲಸದ ಹತ್ತಿರಕ್ಕೆ ತಂದದ್ದು ಈ ಹಡಗುಗಳಲ್ಲಿ. ಇಷ್ಟು ಸಣ್ಣ ವಿವೇಕ ಹೊಳೆಯಲು ಒಂದು ಮಹಾಯುದ್ಧ ಬೇಕಾಯಿತು!

1944ರಲ್ಲಿ ಈ ಹಿಂಡು ಸಿಂಹಳದ ಟ್ರಿಂಕೋಮಲಿಯಲ್ಲಿದ್ದ ಪೂರ್ವದ ನೌಕಾಬಲದಲ್ಲಿತ್ತು, ಮುಂದಾಳು ರೊದರ್‌ಹ್ಯಾಮ್. ಜರ್ಮನ್ ಜಲಾಂತರ್ಗಾಮಿಗಳಿಗೆ ನಡುಸಾಗರದಲ್ಲಿ ಎಣ್ಣೆ ಒದಗಿಸುತ್ತಿದ್ದ ಎರಡು ಹಡಗುಗಳನ್ನು ಫೆಬ್ರವರಿಯಲ್ಲಿ ರಿಲೆಂಟ್‌ಲೆಸ್, ಮಾರ್ಚಿಯಲ್ಲಿ ರೋಬಕ್ ಪತ್ತೆ ಹಚ್ಚಿದವು. ಸಿಕ್ಕಿಬಿದ್ದ ಜರ್ಮನರು ತಮ್ಮ ಹಡಗನ್ನು ತಾವೇ ಮುಳುಗಿಸಿಕೊಂಡರು. ಏಪ್ರಿಲಿನಲ್ಲಿ ಸುಮಾತ್ರದ ತುದಿಯ ಸಬಾಂಗ್ ಮೇಲೆ ನಡೆದ ದಾಳಿಯಲ್ಲಿ ರೊದರ್‌ಹ್ಯಾಮ್ ಇತ್ತು. 1945ರ ಮಾರ್ಚಿಯಲ್ಲಿ ಅಂಡಮಾನಿನ ದಂಡೆಯಿಂದ ಜಪಾನೀಯರು ಹಾರಿಸಿದ ಗುಂಡುಗಳಿಗೆ ರ‍್ಯಾಪಿಡ್ ಗಾಯಗೊಂಡಿತು. ಆ ಸೆಪ್ಟೆಂಬರಿನಲ್ಲಿ ಸಿಂಗಪುರದ ನೌಕಾನೆಲೆಯನ್ನು ಜಪಾನೀಯರಿಂದ ವಶಕ್ಕೆ ತೆಗೆದುಕೊಂಡವನು ರೊದರ್‌ಹ್ಯಾಮಿನ ಕ್ಯಾಪ್ಟನ್. ನೆಲೆಯ ಹೆಬ್ಬಾಗಿಲಿಗೆ ಆ ಹಡಗಿನ ಹೆಸರನ್ನೇ ಇಟ್ಟರು.

ಯುದ್ಧ ಮುಗಿಯಿತು, ನಮಗೆ ಸ್ವಾತಂತ್ರ್ಯ ಬಂದಿತು. ಹೊಸ ದೇಶಕ್ಕೆ ಹೊಸ ಹಡಗು ಕಟ್ಟಿಸುವಷ್ಟು ಹಣವೆಲ್ಲಿ? ಬ್ರಿಟಿಷರಿಗೆ ಹೆಚ್ಚಾದ ಹಡಗುಗಳನ್ನು ಕೊಂಡೆವು. 1949ರಲ್ಲಿ ರೊದರ್‌ಹ್ಯಾಮ್ ರಾಜಪೂತ್ ಆಯಿತು, ರೆಡೌಟ್ ರಣಜಿತ್ ಆಯಿತು, ರೈಡರ್ ರಾಣಾ ಆಯಿತು. ಮೊದಲಕ್ಷರ ಹೋಗಲಿಲ್ಲವೆಂಬುದನ್ನು ವಾಚಕರು ಗಮನಿಸಿರಬೇಕು. ನಮ್ಮ ಮನೆಗಳಲ್ಲಿ ನಕ್ಷತ್ರದ ಪಾದ ನೋಡಿ ಅಕ್ಷರ ಹಿಡಿದು ಮಗುವಿಗೆ ಹೆಸರಿಡುವಂತೆಯೇ ಇದು. ಪುರೋಹಿತರನ್ನು ಕೇಳಿದ್ದರೆ ಮೂರಕ್ಕೂ ಚಿತ್ತಾ ನಕ್ಷತ್ರ ಮೂರನೆಯ ಪಾದ ಎಂದಿರುತ್ತಿದ್ದರು. ಇನ್ನೂ ವಿಶೇಷವೆಂದರೆ, ಈ ಮೂರನ್ನು ಸೇರಿಸಿ ಕಟ್ಟಿದ ನಮ್ಮ ದಳಕ್ಕೂ ಸಂಖ್ಯೆ ಹನ್ನೊಂದೇ. ಧ್ವಜ ಬದಲಾಯಿತು, ಹೆಸರು ಬದಲಾಯಿತು, ಅಂಕಿ ನಿಂತಿತು. ಕಚೇರಿಯಲ್ಲಿ ಸಾಹೇಬರು ಬದಲಾದರೂ ಕಡತದ ಸಂಖ್ಯೆ ಬದಲಾಗುವುದಿಲ್ಲವಷ್ಟೆ. 1953ರಲ್ಲಿ ಬಂದ ಗೋದಾವರಿ, ಗೋಮತಿ, ಗಂಗಾ ಎಂಬ ಇನ್ನೂ ಸಣ್ಣ ಮೂರು ಹಡಗುಗಳದು ಇಪ್ಪತ್ತೆರಡನೆಯ ದಳ.

ಇಪ್ಪತ್ತೆರಡು ವರ್ಷ ದುಡಿದ ಮೇಲೆ, 1971ರ ಹೊತ್ತಿಗೆ ರಾಜಪೂತ್ ನಿವೃತ್ತಿಯ ಅಂಚಿನಲ್ಲಿತ್ತು. ಆಗ ಯುದ್ಧದ ಮೋಡ ಕವಿಯಿತು. ನವೆಂಬರ್ 14ರಂದು ಪಾಕಿಸ್ತಾನದ ಘಾಜಿ ಎಂಬ ಜಲಾಂತರ್ಗಾಮಿ ಕರಾಚಿಯಿಂದ ಹೊರಟು ಬಂಗಾಳ ಕೊಲ್ಲಿಗೆ ಬಂದಿತು. ಅದರ ಬೇಟೆ ನಮ್ಮ ವಿಮಾನವಾಹಕ ವಿಕ್ರಾಂತ್. ವೈಸ್ ಅಡ್ಮಿರಲ್ ಕೃಷ್ಣನ್ ಅವರು ವಿಕ್ರಾಂತನ್ನು ಅಂಡಮಾನಿನ ಕಡೆ ಅಡಗಿಸಿ, ಮುದಿ ರಾಜಪೂತನ್ನು ವಿಶಾಖಪಟ್ಟಣದ ಹೊರಗೆ ಕಳುಹಿಸಿ, ವಿಕ್ರಾಂತೇ ಮಾತನಾಡುತ್ತಿದೆಯೆಂದು ತೋರುವಂತೆ ಅದರಿಂದ ತಂತಿರಹಿತ ಸಂದೇಶಗಳನ್ನು ಹೊರಡಿಸಿದರು. ಘಾಜಿ ವಿಶಾಖಪಟ್ಟಣದ ಬಾಗಿಲಿಗೇ ಬಂದಿತು. ಡಿಸೆಂಬರ್ 3ರ ನಡುರಾತ್ರಿ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗರ ನೇತೃತ್ವದಲ್ಲಿ ಬಂದರಿನಿಂದ ಹೊರಟ ರಾಜಪೂತ್, ನೀರು ಕದಡಿದ್ದನ್ನು ಕಂಡು ಎರಡು ಡೆಪ್ತ್ ಚಾರ್ಜ್ ಕೆಡವಿತು. ಕೆಲವು ನಿಮಿಷಗಳಲ್ಲಿ ದೊಡ್ಡ ಸ್ಫೋಟ ಕೇಳಿಸಿತು. ಘಾಜಿ ಮುಳುಗಿತು. ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ.

ಇದು ನಮ್ಮ ನೌಕಾಪಡೆಯ ಹೇಳಿಕೆ. ಘಾಜಿ ತಾನು ಹಾಸುತ್ತಿದ್ದ ಸಿಡಿಗುಂಡಿಗೋ ಒಳಗಿನ ಆಕಸ್ಮಿಕ ಸ್ಫೋಟಕ್ಕೋ ಬಲಿಯಾಯಿತೆಂಬುದು ಪಾಕಿಸ್ತಾನದ ವಾದ. ನಮ್ಮ ನಿವೃತ್ತ ಅಧಿಕಾರಿಗಳಲ್ಲಿಯೂ ಎಲ್ಲರ ಮಾತು ಒಂದಲ್ಲ. ಒಂದೇ ಘಟನೆಯ ಮೇಲೆ ಎರಡು ಟಿಪ್ಪಣಿ ಬಂದರೆ ಎರಡನ್ನೂ ಕಡತದಲ್ಲಿ ಇಡಬೇಕೆಂಬುದು ನಾವು ಕಲಿತ ವಿದ್ಯೆ. ಆದುದರಿಂದ ಮಗನಿಗೂ ಎರಡನ್ನೂ ಹೇಳಿದೆವು. ಸ್ಫೋಟದ ಕಾರಣ ಏನೇ ಇರಲಿ, ಘಾಜಿ ವಿಶಾಖಪಟ್ಟಣಕ್ಕೆ ಬಂದು ಕಾದದ್ದೂ ವಿಕ್ರಾಂತ್ ಕ್ಷೇಮವಾಗಿ ಉಳಿದದ್ದೂ ನಿಜ. ಆ ಕೀರ್ತಿಯಲ್ಲಿ ಹಳೆಯ ಹಡಗಿನ ಪಾಲನ್ನು ಯಾರೂ ಕಿತ್ತುಕೊಳ್ಳಲಾರರು ಎಂದು ನಮ್ಮ ಮತ.

ಓದುತ್ತ ನಮ್ಮನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಘಾಜಿಯೂ ಹೊಸದಲ್ಲ. ಅಮೆರಿಕ 1945ರಲ್ಲಿ ಅದನ್ನು ಡಯಾಬ್ಲೊ ಎಂಬ ಹೆಸರಿನಿಂದ ಜಪಾನಿನ ಮೇಲಿನ ಯುದ್ಧಕ್ಕೆಂದು ಸಜ್ಜುಗೊಳಿಸಿತ್ತು. 1964ರಲ್ಲಿ ಪಾಕಿಸ್ತಾನಕ್ಕೆ ಕೊಟ್ಟಿತು. ಎಂದರೆ ರೊದರ್‌ಹ್ಯಾಮ್, ಡಯಾಬ್ಲೊ ಎರಡೂ ಒಂದೇ ಶತ್ರುವಿನ ವಿರುದ್ಧ, ಒಂದೇ ಪಕ್ಷದಲ್ಲಿದ್ದ ಹಡಗುಗಳು. ಇಪ್ಪತ್ತಾರು ವರ್ಷಗಳ ಮೇಲೆ ಅವೇ ಎರಡು, ಒಂದು ಕಾಲಕ್ಕೆ ಒಂದೇ ಆಗಿದ್ದ ನಾಡಿನ ಮಕ್ಕಳನ್ನು ಹೊತ್ತುಕೊಂಡು, ಕತ್ತಲೆಯಲ್ಲಿ ಎದುರುಬದುರಾದವು. ಇದನ್ನು ಕೇಳಿ ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಘಾಜಿಯೊಳಗಿದ್ದವರನ್ನು ಮೇಲೆ ತಂದರೇ?" ಎಂದ. ಕೆಲವರ ದೇಹಗಳು ಸಿಕ್ಕವು, ಹಡಗು ಮಾತ್ರ ಇನ್ನೂ ಅಲ್ಲಿಯೇ ತಳದಲ್ಲಿದೆ ಎಂದೆವು.

1970ರ ದಶಕ ಮುಗಿಯುವುದರೊಳಗೆ ಹಿಂಡಿನ ಮೂರೂ ಹಡಗುಗಳು ಸೇವೆಯಿಂದ ಇಳಿದವು. ಹೆಸರುಗಳು ಇಳಿಯಲಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಹೊಸ ರಾಜಪೂತ್ 1980ರಲ್ಲಿ ಸೇರಿ 2021ರ ಮೇ 21ರಂದು ನಿವೃತ್ತವಾಯಿತು. ಅದರ ಜೊತೆಯ ಹಡಗುಗಳಲ್ಲಿ ರಾಣಾ, ರಣಜಿತ್ ಎಂಬವೂ ಇದ್ದವು.

"ನಮ್ಮ ಕನ್ನಡದ ಹೆಸರಿನ ಹಡಗು ಇಲ್ಲವೇ?" ಎಂಬುದು ಮಗನ ಕೊನೆಯ ಪ್ರಶ್ನೆ. ಇದೆ. ಮೈಸೂರು ಎಂಬ ಹೆಸರು ಹೊತ್ತ ಹಡಗುಗಳು ಎರಡು: 1957ರಲ್ಲಿ ಬಂದ ಹಳೆಯ ಬ್ರಿಟಿಷ್ ಕ್ರೂಸರ್ ಒಂದು, 1999ರಲ್ಲಿ ನಮ್ಮವರೇ ಕಟ್ಟಿ ಸೇರಿಸಿದ ವಿಧ್ವಂಸಕ ನೌಕೆ ಇನ್ನೊಂದು. ಲಾಂಛನದಲ್ಲಿ ಗಂಡಭೇರುಂಡ. ಆ ವಿಷಯ ಮುಂದಿನ ಸಂಚಿಕೆಗೆ.