ನೆಲದಡಿಯ ನೀರಿಗೆ ಬೇಲಿಯಿಲ್ಲ

ಅಡಿಕೆಯ ಚೀಲವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಬಹುದು. ಮಾರಿದರೆ ಲಾಭ ಯಜಮಾನನದು, ಮುಗ್ಗಿದರೆ ನಷ್ಟವೂ ಅವನದೇ. ತೋಟದಡಿಯ ನೀರಿನ ಸಂಗತಿ ಹಾಗಲ್ಲ. ಒಬ್ಬನೆತ್ತಿದ ಕೊಡ ಇನ್ನೊಬ್ಬನಿಗಿಲ್ಲವೆಂಬಲ್ಲಿ ಅದೂ ಅಡಿಕೆಯಂತೆಯೇ. ಆದರೆ ನೆರೆಯವನು ಎತ್ತದಂತೆ ಅದಕ್ಕೆ ಬೀಗವಿಲ್ಲ. ಖಾಸಗಿ ಸರಕಿಗೂ ಸಾಮೂಹಿಕ ಸಂಪತ್ತಿಗೂ ಅರ್ಥಶಾಸ್ತ್ರಜ್ಞರು ಕಾಣುವ ವ್ಯತ್ಯಾಸ ಇದೇ.

ನಮ್ಮ ಕಾನೂನು ಈ ವ್ಯತ್ಯಾಸವನ್ನು ಬಹುಕಾಲ ಗಮನಿಸಲಿಲ್ಲ. 1882ರ ಈಸ್‌ಮೆಂಟ್ ಕಾಯಿದೆಯು ತನ್ನ ಭೂಮಿಯಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕನ್ನು ಭೂಮಾಲಿಕನಿಗೆ ಕೊಟ್ಟಿತು. ಏತ, ಕೈರಾಟೆಗಳ ಕಾಲದಲ್ಲಿ ಇದರಿಂದ ಬಾಧಕವಿರಲಿಲ್ಲ. ಸುರಂಗವಂತೂ ಗುಡ್ಡ ಒಸರಿದಷ್ಟನ್ನೇ ಕೊಡುತ್ತದೆ. ಕೊಳವೆ ಬಾವಿಯ ಪಂಪಿಗೆ ಆ ಮಿತಿಯಿಲ್ಲ. ‘ನಾನು ಉಳಿಸಿದ ನೀರನ್ನು ನೆರೆಯವನು ಎತ್ತಿಯಾನು’ ಎಂಬ ಭಯದಿಂದ ಇಬ್ಬರೂ ಆಳಕ್ಕಿಳಿಯುತ್ತಾರೆ. ಕೊನೆಗೆ ಬತ್ತುವುದು ಬಡವನ ತೆರೆದ ಬಾವಿ. ಇದನ್ನು ದುರಾಶೆಯೆಂದು ಜರೆದು ಫಲವಿಲ್ಲ. ನಿಯಮವಿಲ್ಲದಲ್ಲಿ ಸಜ್ಜನನೂ ಹಾಗೆಯೇ ಮಾಡಿಯಾನು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಹನ್ನೆರಡು ಹೊಳೆಗಳ ಕಾಸರಗೋಡು ಜಿಲ್ಲೆಯಲ್ಲಿ ಬೇಸಗೆಗೆ ನೀರಿಲ್ಲವೆಂಬುದು ನಾಚಿಕೆಯ ವಿಚಾರ.

ಸಾಮೂಹಿಕ ಸಂಪತ್ತು ಹಾಳಾಗುವುದೇ ವಿಧಿಯೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಬಳಸುವ ಜನರೇ ಕೂಡಿ ನಿಯಮ ಕಟ್ಟಿ ಅದನ್ನು ಕಾಯಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ನಮ್ಮ ಹಿರಿಯರಿಗೆ ಇದು ಹೊಸ ಪಾಠವಲ್ಲ. ಮಳೆ ನಿಂತೊಡನೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಕಟ್ಟಲು ಮನೆಗೊಂದಾಳು ಬರುತ್ತಿತ್ತು. ನಿಂತ ನೀರು ಕೆಳಗಿನ ಬಾವಿಗಳಿಗೂ ಇಂಗುತ್ತಿತ್ತು. ಪಂಪು ಬಂದ ಮೇಲೆ ಹಲವೆಡೆ ಕಟ್ಟವೂ ಹೋಯಿತು, ಕೂಡಿ ಕುಳಿತು ಮಾತನಾಡುವ ರೂಢಿಯೂ ಹೋಯಿತು.

ಕೇರಳದಲ್ಲಿ 2002ರ ಅಂತರ್ಜಲ ಕಾಯಿದೆಯಿದೆ. ಅಧಿಸೂಚಿತ ಪ್ರದೇಶದಲ್ಲಿ ಬಾವಿ ತೋಡಲು ಅನುಮತಿ ಬೇಕು. ಕಾಯಿದೆ ಕಾಗದದಲ್ಲಿ ಉಳಿಯಬಾರದು. ಅದರ ನಿಯಮಗಳು ಈ ಭಾಗದ ಕೃಷಿಕನಿಗೆ ಕನ್ನಡದಲ್ಲಿಯೂ ತಲಪಬೇಕು. ಪಂಚಾಯತುಗಳು ತೋಡಿಗೊಂದು ಸಭೆ ಕರೆದು ಮದಕ, ಕಟ್ಟಗಳ ಜೀರ್ಣೋದ್ಧಾರಕ್ಕೆ ಮಳೆಗಾಲ ಮುಗಿಯುವ ಮೊದಲೇ ಹಣವಿರಿಸಲಿ. ಆದರೆ ಸರಕಾರವನ್ನೇ ಕಾದು ಕೂರುವುದು ಬೇಡ. ಈ ವರ್ಷದ ಕಟ್ಟಕ್ಕೆ ನಮ್ಮ ಮನೆಯಿಂದ ಯಾರು ಹೋಗುವರೆಂಬುದನ್ನು ಓದುಗರು ಇಂದೇ ನಿಶ್ಚಯಿಸಲಿ.