ಯಂತ್ರದ ಕೈ, ತಂಡದ ಮಾತು

ಮಾನಂದವಾಡಿಯ ಜಿಲ್ಲಾ ಆಸ್ಪತ್ರೆಯು 2021ರಲ್ಲಿ ವಯನಾಡು ಸರಕಾರಿ ವೈದ್ಯಕೀಯ ಕಾಲೇಜಾಗಿ ಮೇಲ್ದರ್ಜೆಗೇರಿತು. ಆದರೂ ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಇಲ್ಲಿನ ಜನರು ಘಟ್ಟವಿಳಿದು ಕಲ್ಲಿಕೋಟೆಗೋ ತಲಶ್ಶೇರಿಗೋ, ಇಲ್ಲವೇ ಬಾವಲಿ ದಾಟಿ ಮೈಸೂರಿಗೋ ಹೋಗುವುದುಂಟು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿಯೂ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರದಲ್ಲಿಯೂ ಈಗ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಹೀಗಾಗಿ ಈ ವಿಷಯ ನಮ್ಮ ಮನೆಬಾಗಿಲಿಗೇ ಬಂದಿದೆ.

ರೋಬೋಟ್ ತಾನೇ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ರೋಗಿಯಿಂದ ಕೆಲವು ಮೀಟರ್ ದೂರದಲ್ಲಿ ಕುಳಿತ ಶಸ್ತ್ರಚಿಕಿತ್ಸಕರು ದೃಶ್ಯಪೆಟ್ಟಿಗೆಯಲ್ಲಿ ಮುಖವಿಟ್ಟು, ದೇಹದೊಳಗಿನ ಹಿಗ್ಗಿಸಿದ ಚಿತ್ರವನ್ನು ನೋಡುತ್ತ ಯಂತ್ರದ ತೋಳುಗಳನ್ನು ನಡೆಸುತ್ತಾರೆ. ರೋಗಿಯ ಬಳಿಯಲ್ಲಿ ಸಹಾಯಕ ವೈದ್ಯರು, ದಾದಿಯರು ಮತ್ತು ಅರಿವಳಿಕೆ ತಜ್ಞರು ಇರುತ್ತಾರೆ.

ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ನಿಲ್ಲುವುದರಿಂದ ಕಣ್ಸನ್ನೆಯೇ ಎಷ್ಟೋ ಕೆಲಸ ಮಾಡುತ್ತದೆ. ಯಕ್ಷಗಾನದ ಭಾಗವತರಿಗೂ ವೇಷಧಾರಿಯ ಹೆಜ್ಜೆ ಕಣ್ಣೆದುರೇ ಇರುತ್ತದೆ. ಇಲ್ಲಿ ಆ ಅನುಕೂಲವಿಲ್ಲ. ಯಂತ್ರದ ತೋಳು ಹೊರಗೆ ರೋಗಿಯ ಮೈಗೆ ಒತ್ತುತ್ತಿದ್ದರೆ ಅದು ಶಸ್ತ್ರಚಿಕಿತ್ಸಕರಿಗೆ ಕಾಣಿಸದು. ಬಳಿಯಲ್ಲಿದ್ದವರು ಬಾಯಿಬಿಟ್ಟು ಹೇಳಬೇಕು. ಉಪಕರಣ ಬದಲಿಸುವಂತೆ ಸೂಚನೆ ಬಂದಾಗ ಸಹಾಯಕರು ಅದನ್ನು ಮರುನುಡಿಯಬೇಕು, ಕೆಲಸ ಮುಗಿದೊಡನೆ ತಿಳಿಸಬೇಕು. ತುರ್ತು ಬಂದರೆ ತೋಳುಗಳನ್ನು ಬೇಗನೆ ಬಿಡಿಸುವವರು ಯಾರೆಂಬುದು ಮೊದಲೇ ನಿಶ್ಚಯವಾಗಿರಬೇಕು. ತಂಡದ ಅತಿ ಕಿರಿಯರಿಗೂ ‘ನಿಲ್ಲಿಸಿ’ ಎನ್ನುವ ಧೈರ್ಯವಿರಬೇಕು.

2001ರ ಸೆಪ್ಟೆಂಬರ್ 7ರಂದು ಜಾಕ್ ಮಾರೆಸ್ಕೊ ಎಂಬ ಫ್ರೆಂಚ್ ವೈದ್ಯರ ತಂಡವು ನ್ಯೂಯಾರ್ಕಿನಲ್ಲಿದ್ದುಕೊಂಡು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಹಿಳೆಯೊಬ್ಬರ ಪಿತ್ತಕೋಶವನ್ನು ತೆಗೆಯಿತು. ಆಗಲೂ ರೋಗಿಯ ಪಕ್ಕದಲ್ಲಿ ವೈದ್ಯರ ತಂಡವೊಂದು ಇದ್ದೇ ಇತ್ತು.

ಮಾತಿನ ಬೆಲೆಗೆ ಪುರಾವೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತಾ ತಪಶೀಲು ಪಟ್ಟಿಯನ್ನು ಹೊರತಂದಿತು. ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಹೊರಗೊಯ್ಯುವ ಮುನ್ನ ತಂಡವು ನಿಂತು, ಮುಖ್ಯ ಸಂಗತಿಗಳನ್ನು ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ಹೊಸದಿಲ್ಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದುದಾಗಿ 2009ರಲ್ಲಿ ಪ್ರಕಟವಾಯಿತು.

ಈ ಪಟ್ಟಿಯ ಮೊದಲ ಹಂತದಲ್ಲಿ ರೋಗಿಯೂ ಮಾತನಾಡಬೇಕು. ಹೆಸರೇನು, ಯಾವ ಶಸ್ತ್ರಚಿಕಿತ್ಸೆ, ದೇಹದ ಯಾವ ಭಾಗಕ್ಕೆ ಎಂಬುದನ್ನು ಅವರಿಂದಲೇ ಕೇಳಿ ದೃಢಪಡಿಸಲಾಗುತ್ತದೆ. ಒಗ್ಗದ ಔಷಧಗಳ ವಿಚಾರಣೆಯೂ ಆಗುತ್ತದೆ. ಗಡಿನಾಡಿನ ಕನ್ನಡಿಗರಿಗೆ ತೊಡಕಿರುವುದು ಇಲ್ಲಿಯೇ. ಪ್ರಶ್ನೆ ಮಲಯಾಳದಲ್ಲಿ ಬಂದಾಗ, ಅರ್ಥವಾಗದಿದ್ದರೂ ಸಂಕೋಚದಿಂದ ತಲೆಯಾಡಿಸುವ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಆ ಒಂದು ತಲೆಯಾಟದಿಂದ ಇಡೀ ತಂಡದ ಎಚ್ಚರಿಕೆ ವ್ಯರ್ಥವಾಗಬಹುದು.

ಶಾಲೆಗೆ ಹೋಗುವ ಮಕ್ಕಳು ಎರಡೂ ಭಾಷೆ ಬಲ್ಲವರೆಂದು ಅವರನ್ನೇ ದುಭಾಷಿಗಳಾಗಿ ಕರೆದೊಯ್ಯುವ ರೂಢಿಯೂ ಇದೆ. ರೋಗದ ಹೆಸರು, ಅಪಾಯದ ವಿವರ, ಒಪ್ಪಿಗೆಯ ಸಹಿ ಇವು ಮಕ್ಕಳ ಹೆಗಲಿಗೆ ಹೊರಿಸುವ ಭಾರವಲ್ಲ. ಎರಡೂ ಭಾಷೆ ಬಲ್ಲ ಹಿರಿಯರೊಬ್ಬರು ಜೊತೆಗಿರಲಿ. ಸೇವಿಸುವ ಮತ್ತು ಒಗ್ಗದ ಔಷಧಗಳ ಪಟ್ಟಿ ಬರಹದಲ್ಲಿರಲಿ. ವೈದ್ಯರು ಹೇಳಿದ್ದನ್ನು ರೋಗಿಯು ತನ್ನ ಮಾತಿನಲ್ಲಿ ಮರಳಿ ಹೇಳಲಿ. ತಿಳಿಯದಿದ್ದರೆ ಇನ್ನೊಮ್ಮೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯ ಒಳಗೆ ನುರಿತ ವೈದ್ಯರೂ ಅದನ್ನೇ ಮಾಡುತ್ತಾರೆ.